ಫೋಟೋದಾಗಿಲ್ಲದ ಮಗ್ಗಲು

ಡಬ್ಬಿ ಒಡದಾಗ ಒಳಗ ಇದ್ದದ್ದಿಷ್ಟ:
ಹಗೂರ ಕಟಗಿಯ ಹದಿನೆಂಟು ಪಕ್ಕೆಲುಬು,
ಮಡಚಿ ಮಡಚಿ ಗೆರಿ ಬಿದ್ದ ನಕಾಶಿ,
ಎರಡು ಗಾಲಿ.
ಮಲಕಪ್ಪ ಎಲುಬು ಇಟ್ಟಕೊಂಡ,
ಉಳದದ್ದು ಅಟ್ಟದ ಮ್ಯಾಲ ಒಗದ.

ಅಕ್ಕಲಕೋಟ ರೋಡಿನ ಕಾರಖಾನ್ಯಾಗ
ಇಪ್ಪತ್ತಾರು ವರ್ಷದಿಂದ ಜಾಬರ್,
ಟಾವೆಲ್ ನೇಯೋ ನಲವತ್ತು ಮಗ್ಗದಾಗ ಯಾವದು ಕೆಮ್ಮಿತು
ಗ್ವಾಡಿ ಆಚೆ ನಿಂತ ಹೇಳಾಂವ.
ಸೂಟಿ ದಿನ ಮಾತ್ರ ಈ ಕೆಲಸ.

ಒಂಬತ್ತು ವರ್ಷದಾಂವ ಇದ್ದಾಗಂತ,
ಹತ್ತಿಗಿ ಎಣ್ಣಿ ಹೊಡಿಯೋ ವಿಮಾನ
ಸೊಲ್ಲಾಪುರದಾಚೆ ಮಾಳಕ್ಕ ಇಳದಿತ್ತಂತ.
ಫೋಟೋ ಒಂದ ಅದ. ಎಡಗಡಿದು.
ರೆಕ್ಕಿ ಕೆಳಗ ನಿಂತಾಂವ ಇವರಪ್ಪ,
ರುಮಾಲು ಕೈಯಾಗ, ಗಾಳಿಗಿ ಧೋತರ ಉಬ್ಬಿ.
ಬಾಗಲ ಕೆಳಗ ಅಂಗೈಯಷ್ಟು ತ್ಯಾಪಿ.
ಕರಿ-ಬಿಳಿ ಫೋಟೋ; ಪಟ್ಟಿ ಕೆಂಪೋ ಕೇಸರಿಯೋ
ಅದರ ಮ್ಯಾಲ ನಾಕು ತಿಂಗಳು ಹೋತು.

ಅಳತಿ ನಾಕಕ್ಕ ಒಂದು.
ತುದಿಯಿಂದ ತುದಿಗಿ ಎಂಟೂವರೆ ಅಡಿ.
ಮನ್ಯಾಗ ಎಲ್ಲಾದಕ್ಕೂ ನಾಕರ ಭಾಗಾಕಾರ:
ನನ್ನ ಮೊಣಕೈ ಹಿಡದು ನೋಡಿ
"ಪೈಲಟಂದು ಇಷ್ಟ" ಅಂತ ಕಿರುಬೆರಳು ತೋರಸ್ತಾನ.
ಎಂಜಿನ್ನು ಹುಲ್ಲು ಕತ್ತರಿಸೋ ಮಷೀನಿಂದು,
ಖುರ್ಚಿಗಿ ನನ್ನ ಹರಕ ಪರ್ಸಿನ ರೆಕ್ಸಿನ್,
ಡಯಲ್ಲು ಒಂದು ಸತ್ತ ಲೇಡೀಸ್ ವಾಚು.
ನಾಕೂ ಹತ್ತಕ್ಕ ನಿಂತಿತ್ತು, ಹಂಗ ಬಿಟ್ಟಾನ.
ರಿವೆಟ್ಟು ಅಂದರ ಸೂಜಿ ಮೊನಿಲೆ ಇಟ್ಟ ಅಂಟಿನ ಚುಕ್ಕಿ,
ಒಂದು ಸಾವಿರದ ಎರಡನೂರಾ ಹನ್ನೊಂದು.
ಎಣಿಸ್ಯಾನ. ನಾ ಕೇಳಿರಲಿಲ್ಲ.

ರೆಕ್ಕಿಗಿ ಬಟ್ಟಿ ಹೊದಸೂದು ನನ್ನ ಪಾಳಿ.
ಫಾಲ್-ಪಿಕೋ ಮಾಡೋ ಕೈ,
ಸೀರಿ ಅಂಚು ದಾಟಿ ಎಂದೂ ಹೋದದ್ದಲ್ಲ.
ಲೈನಿಂಗ್ ಬಟ್ಟಿ, ಮ್ಯಾಲ ಲೇಪ. ಒಣಗಿದಂಗ ಬಿಗೀತದ,
ಬೆರಳಲೆ ಹೊಡದರ ಹಲಗಿ ಸಪ್ಪಳ.
ಒಂದೊಂದು ಪಕ್ಕೆಲುಬಿಗೂ ದಾರ ಸುತ್ತಿ ಗಂಟು,
ಗಂಟಿಗೂ ಗಂಟಿಗೂ ಒಂದ ಬೆರಳು.
ಆಂವ ಹಾಸು, ನಾ ಹೊಕ್ಕು ಅನ್ನೂದೆಲ್ಲಾ ಸುಳ್ಳು,
ಜಗಳಾನ ಜಾಸ್ತಿ.
"ಸೊಟ್ಟಾತು, ಬಿಚ್ಚು." ಬಿಚ್ಚಿದೆ.
"ಈಗೂ ಸೊಟ್ಟ."
ಸೂಜಿ ಅಲ್ಲೇ ಚುಚ್ಚಿಟ್ಟು ರೊಟ್ಟಿ ಬಡಿಲಿಕ್ಕೆ ಹೋದೆ.

ಬಲಗಡಿ ಬಂದಾಗ ಅವನ ಕೈನ ನಿಂತಿತು.
ಫೋಟೋದಾಗ ಬಲಗಡಿ ಇಲ್ಲ.
ಆ ಕಡೆ ಬಾಗಲ ಇತ್ತೋ? ಎಣ್ಣಿ ಸೋರಿದ ಕಲಿ?
ಆವತ್ತು ಸುತ್ತ ಹಾಯ್ದು ಹೋಗಿದ್ದನೋ, ಅದೂ ನೆನಪಿಲ್ಲ.
ಅಪ್ಪನ್ನ ಕೇಳಬೇಕಂದರ
ಅಪ್ಪ ಎಡಗಡಿಗೇ ನಿಂತುಬಿಟ್ಟಾನ, ಕಾಗದದಾಗ.

ಮೂರು ವಾರ ಬಲಗಡಿ ಬರೀ ಬಿಳಿ ಬಟ್ಟಿ.
"ಎಡಗಡಿ ಇದ್ದಂಗ ಮಾಡು, ಯಾರು ನೋಡಾವರು" ಅಂದೆ.
"ತ್ಯಾಪಿ ಎರಡೂ ಕಡೆ ಇರ್ತದೇನ, ಗುರುಬಾಯಿ?" ಅಂದ.

ಒಂದಿನ ನಸಕಿನ್ಯಾಗ ನೀರು ಬಂತಂತ ಎದ್ದೆ.
ಕೊಡ ಹಚ್ಚಿ ಬಂದು ನೋಡತೀನಿ,
ಬಲಗಡಿಗಿ ಪೆನ್ಸಿಲ್ಲಿಲೆ ಒಂದು ಬಾಗಲ ಬರದಾನ.
ತುಸು ತೆರದ ಬಾಗಲ.
ಹೊರಗ ಕೊಡ ತುಂಬಿ ಹರೀತಿತ್ತು.

ಎಲ್ಲಾ ಮುಗದ ಮ್ಯಾಲ ಬಾಲ ಭಾರ ಆತು.
ಮೂಗಿಗಿ ಇನ್ನೂ ಮುನ್ನೂರು ಗ್ರಾಂ ಬೇಕಂತ.
ನಮ್ಮವ್ವ ಕೂಡಿಟ್ಟ ಡಬ್ಬಿ ತಂದು ಸುರುವಿದೆ:
ಘೇಂಡಾಮೃಗ ಇರೋ ನಾಕಾಣೆ,
ಈಗ ಯಾವ ಅಂಗಡ್ಯಾಂವನೂ ಮೂಸಿ ನೋಡದ್ದು.
ನೂರಾ ಆರು ಹಿಡದವು.
"ಇದೂ ನಾಕಕ್ಕ ಒಂದ" ಅಂದ,
ಆರು ತಿಂಗಳಿಗೊಮ್ಮೆ ನಗೋ ನಗಿ ನಕ್ಕ.

ಆಮ್ಯಾಲ ರೆಕ್ಕಿ ಬುಡಕ್ಕ ಎರಡೆರಡು ಬೆರಳು ಕೊಟ್ಟು ಎತ್ತಿದಿವಿ,
ನಾ ಬಲಕ್ಕ,
ಆಂವ ಎಡಕ್ಕ, ಅವರಪ್ಪ ನಿಂತ ಜಾಗದಾಗ.
ಬಾಲ ಅಲಗಿತು. ಮೂಗು ತುಸು ಬಗ್ಗಿತು. ನಿಂತಿತು.
"ಫ್ಯಾನ್ ಬಂದ ಮಾಡು" ಅಂದ, ಉಸರು ಹಿಡದು.
ಯಾರು ಮಾಡಬೇಕು?
ಇಬ್ಬರ ಕೈನೂ ಖಾಲಿ ಇರಲಿಲ್ಲ.